ಮೂರು ಸಲ ತಟ್ಟುವ ಧೈರ್ಯ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಐಟಿಐ ಓದಿ, ಬೆಂಗಳೂರಿನ ಎಚ್‌ಎಎಲ್‌ಗೆ ಅಪ್ರೆಂಟಿಸ್ ಆಗಿ ಹೊರಟಾಗ ನಮ್ಮ ಓಣಿಯ ಹಿರಿಯರೊಬ್ಬರು, "ತಗಡ ಬಡಿಯಾಕ ಅಷ್ಟ ದೂರ ಯಾಕ ಹೊಂಟೀಯೋ ತಮ್ಮಾ? ದುರ್ಗದ ಬೈಲಿನ್ಯಾಗ ಡಬ್ಬಿ ಮಾಡವ್ರು ಇಲ್ಲೇನು?" ಎಂದು ನಕ್ಕಿದ್ದರು.

1940ರಲ್ಲಿ ವಾಲಚಂದ್ ಹಿರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಕಟ್ಟಿದ ಕಾರ್ಖಾನೆ ಅದು. ಎಚ್‌ಟಿ-2, ಮಾರುತ್, ಕಿರಣ್ ವಿಮಾನಗಳು ಅಲ್ಲಿ ಹುಟ್ಟಿದವು. ನಮಗೆ ಮಾತ್ರ ಮೊದಲು ಸಿಕ್ಕದ್ದು ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆ, ಅರ, ಸುತ್ತಿಗೆ. ಹಾಳೆಯ ಮೇಲೆ ಚೂಪು ಮೊನೆಯಿಂದ ಗೆರೆ ಎಳೆಯಕೂಡದು. ಆ ಗೀರೇ ಮುಂದೆ ಬಿರುಕಾಗಬಹುದು. ರಿವೆಟ್‌ನ ತೂತು ಅಂಚಿನಿಂದ ಅದರ ವ್ಯಾಸದ ಎರಡು ಪಟ್ಟಾದರೂ ಒಳಗಿರಬೇಕು. ಕೆಲವು ರಿವೆಟ್‌ಗಳನ್ನು ಕಾಯಿಸಿ, ತಣಿಸಿ, ಫ್ರಿಜ್ಜಿನಲ್ಲಿಡುತ್ತಿದ್ದೆವು. ಹೊರತೆಗೆದ ಕೆಲವೇ ನಿಮಿಷಗಳಲ್ಲಿ ಬಡಿಯದಿದ್ದರೆ ಅವು ಗಟ್ಟಿಯಾಗುತ್ತವೆ. ಜೋಳದ ಹಿಟ್ಟು ನಾದಿದ ಕೂಡಲೇ ರೊಟ್ಟಿ ಬಡಿಯಬೇಕೆನ್ನುವ ಅವ್ವ ನೆನಪಾಗುತ್ತಿದ್ದಳು.

ರಿವೆಟ್ ಬಡಿಯಲು ಇಬ್ಬರು ಬೇಕು. ಹೊರಗೆ ಒಬ್ಬ ಗನ್ ಹಿಡಿದರೆ, ಒಳಗೆ ಇನ್ನೊಬ್ಬ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತಾನೆ. ಮುಖ ಕಾಣದು, ಸದ್ದಿನಲ್ಲಿ ಮಾತು ಕೇಳದು. ಒಳಗಿನವನು ಒಂದು ಸಲ ತಟ್ಟಿದರೆ 'ಇನ್ನಷ್ಟು ಬಡಿ', ಎರಡು ಸಲ ತಟ್ಟಿದರೆ 'ಸರಿಯಾಯಿತು', ಮೂರು ಸಲ ತಟ್ಟಿದರೆ 'ಕೆಟ್ಟಿದೆ, ತೆಗೆ'.

ಒಂದು ಸಂಜೆ ಬಸ್ಸಿನ ಹೊತ್ತಾಗಿತ್ತು. ಕೊನೆಯ ರಿವೆಟ್ ವಾಲಿತ್ತು. ಗನ್ ಹಿಡಿದವನು ಗದಗಿನ ಗೆಳೆಯ, ನನಗಿಂತ ಹಿರಿಯ. ಮೂರು ಸಲ ತಟ್ಟಿದೆ. ಅವನು ಸಿಟ್ಟಾದ, ಆದರೂ ಕೊರೆದು ತೆಗೆದ. ಬಸ್ಸು ತಪ್ಪಿತು. ಮರುದಿನ ಅವನೇ ಬಂದು, "ಇನ್ಮ್ಯಾಲೆ ಒಳಗ ನೀನ ನಿಂದರು" ಅಂದ.

1988ರಲ್ಲಿ ಹವಾಯಿಯ ಅಲೋಹಾ ಏರ್‌ಲೈನ್ಸ್ ವಿಮಾನದ ಮಾಳಿಗೆಯ ಭಾಗವೇ ಆಕಾಶದಲ್ಲಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಜೀವ ಕಳೆದುಕೊಂಡರು. ರಿವೆಟ್ ತೂತುಗಳ ಬಳಿಯ ಸಣ್ಣ ಬಿರುಕುಗಳು ಒಂದಕ್ಕೊಂದು ಕೂಡಿದ್ದವು. ಅದನ್ನು ಓದಿದಾಗ ಆ ತಪ್ಪಿದ ಬಸ್ಸಿನ ಬೆಲೆ ತಿಳಿಯಿತು.

ಬೆಂಗೇರಿಗೆ ಇದು ಹೊಸ ಪಾಠವಲ್ಲ. ಇಲ್ಲಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ನಮ್ಮ ಅಕ್ಕತಂಗಿಯರು ರಾಷ್ಟ್ರಧ್ವಜ ಹೊಲಿಯುತ್ತಾರೆ. ಧ್ವಜ 6 ಇಂಚಿನದಿರಲಿ, 21 ಅಡಿಯದಿರಲಿ, 3:2ರ ಅಳತೆ ತಪ್ಪುವಂತಿಲ್ಲ. ಎರಡೂ ಬದಿಯ ಚಕ್ರ ಒಂದರ ಮೇಲೊಂದು ಕೂಡಬೇಕು.

ಮಕ್ಕಳೇ, ಅಂಕ ಕಡಿಮೆ ಬಂದವರಷ್ಟೇ ಕೈಕೆಲಸಕ್ಕೆ ಹೋಗುತ್ತಾರೆ ಎಂಬ ಮಾತು ನಂಬಬೇಡಿ. ತ್ರಿಜ್ಯ, ವ್ಯಾಸ, ಕೋನ ಎಲ್ಲವನ್ನೂ ನಾನು ಈ ಶಾಲೆಯ ಕರಿಹಲಗೆಯ ಮುಂದೆ ಕಲಿತೆ. ಅವೇ ನನಗೆ ಅನ್ನ ಕೊಟ್ಟವು. ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ: ನಾವೆಲ್ಲ ಕೂಡಿ ಶಾಲೆಗೊಂದು ಕೆಲಸದ ಮೇಜು, ವೈಸ್, ಅಳತೆಯ ಉಪಕರಣ ಕೊಡೋಣ. ಕಲಿಸಲು ನಾನು ಬರುತ್ತೇನೆ.