ನೀರಿಗೆ ಹಾಕುವ ಮದ್ದು

ಹಂಪೆಯ ಬಜಾರನ್ನು ದಾಟಿ ಅರಮನೆಯ ಆವರಣಕ್ಕೆ ಹೋದವರು ಕಲ್ಲುಕಂಬಗಳ ಮೇಲೆ ಸಾಲಾಗಿ ಜೋಡಿಸಿದ ಕಲ್ದೋಣಿಗಳನ್ನು ಕಂಡಿರಬಹುದು. ಪುಷ್ಕರಿಣಿಗೆ ನೀರು ಹರಿದುದು ಇವುಗಳಲ್ಲಿಯೇ. ನೀರನ್ನು ತರುವ ವಿದ್ಯೆ ವಿಜಯನಗರದವರಿಗೆ ಚೆನ್ನಾಗಿ ತಿಳಿದಿದ್ದಿತು. ನೀರಿನೊಡನೆ ಬರುವ ಕಣ್ಣಿಗೆ ಕಾಣದ ಶತ್ರುವಾದರೋ ಆಗ ಲೋಕದಲ್ಲಿ ಯಾರಿಗೂ ತಿಳಿದಿರಲಿಲ್ಲ. ಕಾಲರಾ ನೀರಿನಿಂದ ಹರಡುವುದೆಂದು ಲಂಡನ್ನಿನ ಜಾನ್ ಸ್ನೋ ತೋರಿಸಿಕೊಟ್ಟುದು 1854ರಲ್ಲಿ. ಅಮೆರಿಕದ ಜೆರ್ಸಿ ನಗರದವರು 1908ರಲ್ಲಿ ಊರಿನ ನೀರಿಗೆ ಕ್ಲೋರೀನ್ ಬೆರೆಸತೊಡಗಿದರು. ಅದು ಉಳಿಸಿದ ಪ್ರಾಣಗಳಿಗೆ ಲೆಕ್ಕವಿಲ್ಲ.

ಆದರೆ ಮದ್ದು ತನ್ನ ಕೆಲಸವನ್ನಷ್ಟೇ ಮಾಡಿ ಸುಮ್ಮನಾಗುವುದಿಲ್ಲ. ಮಳೆಯ ನೀರು ಕೊಳೆತ ಎಲೆಯ ರಸವನ್ನೂ ಹೊಲದ ಸಾರವನ್ನೂ ಹೊಳೆಗೆ ತರುವುದು. ನಿಂತ ನೀರಿನಲ್ಲಿ ಪಾಚಿ ಹುಟ್ಟುವುದು. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದ ನೀರು ಹಸುರಿಗೆ ತಿರುಗಿದ ವರ್ಷಗಳುಂಟು. ಇಂತಹ ಸಾವಯವ ದ್ರವ್ಯದೊಡನೆ ಕ್ಲೋರೀನ್ ಕೂಡಿದರೆ ಕ್ಲೋರೋಫಾರಮ್ ಮೊದಲಾದ ಹೊಸ ವಸ್ತುಗಳು ಹುಟ್ಟುತ್ತವೆ. ಇದನ್ನು ಹಾಲೆಂಡಿನ ಯೋಹಾನ್ನೆಸ್ ರೂಕ್ 1974ರಲ್ಲಿ ಪ್ರಕಟಿಸಿದನು. ಇವು ಹೆಚ್ಚಾಗಿರುವ ನೀರನ್ನು ಹಲವು ದಶಕಗಳ ಕಾಲ ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚೆಂದು ಅನೇಕ ಪರಿಶೀಲನೆಗಳು ಸೂಚಿಸಿವೆ.

ಹಾಗಾದರೆ ಮದ್ದನ್ನೇ ಬಿಡೋಣವೆ? ಕೂಡದು. ಕ್ಲೋರೋಫಾರಮಿನ ಅಪಾಯವನ್ನು ಎಣಿಸುವುದು ವರ್ಷಗಳಿಂದ. ಕಾಲರಾದ ಅಪಾಯವನ್ನು ಗಂಟೆಗಳಿಂದ. ಇದೇ ವಿಜಯನಗರ ಜಿಲ್ಲೆಯ ಮಕರಬ್ಬಿಯಲ್ಲಿ 2021ರಲ್ಲಿ ಕಲುಷಿತ ಜಲವು ಪ್ರಾಣಗಳನ್ನು ಕೊಂಡೊಯ್ದುದನ್ನು ನಾವು ಮರೆಯಲಾಗದು. ಭಾರತದ 2012ರ ಮಾನಕವು ಎರಡು ಕಡೆಯನ್ನೂ ತೂಗಿ ನೋಡಿದೆ: ಲೀಟರಿಗೆ ಕ್ಲೋರೋಫಾರಮ್ 0.2 ಮಿಲಿಗ್ರಾಮನ್ನು ಮೀರಬಾರದು. ನಲ್ಲಿಯ ತುದಿಯಲ್ಲಿ ಉಳಿಯುವ ಕ್ಲೋರೀನ್ 0.2 ಮಿಲಿಗ್ರಾಮಿಗೆ ಕಡಮೆಯಾಗಬಾರದು.

ಈ ಎರಡನ್ನೂ ಸಾಧಿಸುವ ದಾರಿ ಕಷ್ಟವಾದುದಲ್ಲ. ಮೊದಲು ಪಟಿಕದಿಂದ ನೀರನ್ನು ತಿಳಿಗೊಳಿಸಿ, ಮರಳಿನಲ್ಲಿ ಸೋಸಿ, ಕೊಳೆಯನ್ನು ಕಳೆಯಬೇಕು, ಮದ್ದು ಆಮೇಲೆ. ರಾಡಿಯಾದ ನೀರಿಗೆ ಹಿಡಿಹಿಡಿಯಾಗಿ ಪುಡಿಯನ್ನು ಸುರಿದು ಕರ್ತವ್ಯ ಮುಗಿಯಿತೆನ್ನುವುದು ಎರಡು ಕೇಡನ್ನೂ ಒಟ್ಟಿಗೆ ಕರೆದಂತೆ. ಮನೆಯಲ್ಲಾದರೆ, ಪಾತ್ರೆಯ ಮುಚ್ಚಳವನ್ನು ತೆಗೆದು ನೀರನ್ನು ಚೆನ್ನಾಗಿ ಕುದಿಸಿದರೆ ಕ್ಲೋರೋಫಾರಮಿನ ಬಹುಭಾಗ ಆವಿಯೊಡನೆ ಹಾರಿಹೋಗುವುದು. ಉಳಿದ ಕ್ಲೋರೀನೂ ಹೋಗುವುದರಿಂದ, ಆರಿದ ನೀರನ್ನು ಶುದ್ಧವಾದ ಪಾತ್ರೆಯಲ್ಲಿ ಮುಚ್ಚಿಡತಕ್ಕದ್ದು.

ನಲ್ಲಿಯ ನೀರು ವಾಸನೆ ಬಂದಿತೆಂದು ದೂರುವ ನಾವು, ಸೋಸುವ ಮರಳನ್ನು ತೊಳೆದುದು ಎಂದೆಂದು ಪುರಸಭೆಯನ್ನು ಕೇಳುವುದನ್ನೂ ಕಲಿಯಬೇಕು. ಪೌರರು ಕೇಳಬೇಕಾದ ಮೊದಲ ಪ್ರಶ್ನೆ ಅದೇ.