ಬೋನ್ಸಾಯ್‌ಗೆ ಔಷಧಿ ಹೊಡೆಯೋ ಮುಂಚೆ ಎಲೆ ತಿರುಗಿಸಿ ನೋಡಿ



ಮೈಸೂರು–ನಂಜನಗೂಡು ರಸ್ತೆಯ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿರೋ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ನೋಡಿ ಬಂದು, ಮನೆಯಲ್ಲೂ ಒಂದು ಆಲ, ಅರಳಿ ಅಥವಾ ಅತ್ತಿ ಗಿಡ ಇಟ್ಟುಕೊಂಡವರು ನಿಮ್ಮಲ್ಲಿ ಇರಬಹುದು. ಎಲೆ ಹಳದಿಯಾದ ಕೂಡಲೇ ಗಾಬರಿ. ಗದ್ದೆಗೆ ತಂದಿಟ್ಟ ಔಷಧಿ ಡಬ್ಬದ ಕಡೆ ಕೈ ಹೋಗುತ್ತೆ. ದಯವಿಟ್ಟು ಬೇಡ. ಅದರ ಅಳತೆ ಎಕರೆ ಲೆಕ್ಕದ್ದು. ಮನೆ ಜಗಲಿಯಲ್ಲಿ ಹೊಡೆದರೆ ವಿಷ ಒಣಹಾಕಿದ ಬಟ್ಟೆಗೂ ತಾಗುತ್ತೆ, ಮಕ್ಕಳ ಕೈಗೂ ತಾಗುತ್ತೆ. ಮೊದಲು ರೋಗ ಯಾವುದು ಅಂತ ಗುರುತಿಸೋಣ.

ಎಲೆ ತಿರುಗಿಸಿ ನೋಡಿ. ಎಲೆ ಕಂಕುಳಲ್ಲಿ ಹತ್ತಿಯಂಥ ಬಿಳಿ ಮುದ್ದೆ ಇದ್ದರೆ ಹಿಟ್ಟು ತಿಗಣೆ. ರೆಂಬೆಗೆ ಕಂದು ಹಕ್ಕಳೆ ಅಂಟಿದಂತಿದ್ದು, ಉಗುರಿಂದ ಕೆರೆದರೆ ಎದ್ದು ಬಂದರೆ ಶಲ್ಕ ಕೀಟ. ಎಲೆ ಅಂಟಂಟಾಗಿ, ಮೇಲೆ ಮಸಿಯಂಥ ಕಪ್ಪು ಬೂಷ್ಟು ಕಂಡರೆ ಇವೇ ಕಾರಣ ಇರಬಹುದು. ಇರುವೆ ಸಾಲು ಗಿಡ ಹತ್ತುತ್ತಿದೆಯಾ? ಆ ಸಿಹಿ ಅಂಟಿಗಾಗಿ ಇರುವೆಗಳು ಈ ಕೀಟಗಳನ್ನ ಕಾಯುತ್ತವೆ. ಹಾಗಾಗಿ ಇರುವೆಯನ್ನೂ ತಡೆಯಬೇಕು.

ಬೇಸಿಗೆಯಲ್ಲಿ ಎಲೆ ಮೇಲೆ ಸಣ್ಣ ಚುಕ್ಕಿ, ಮಾಸಲು ಬಣ್ಣ ಕಂಡರೆ ಕೆಳಗೆ ಬಿಳಿ ಹಾಳೆ ಹಿಡಿದು ರೆಂಬೆ ತಟ್ಟಿ. ಬಿದ್ದ ಚುಕ್ಕಿಗಳು ಓಡಾಡಿದರೆ ಅದು ನುಸಿ. ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಸಿಂಪಡಿಸಿದರೆ ಅರ್ಧ ಕೆಲಸ ಆಯ್ತು.

ತಿಗಣೆ, ಶಲ್ಕ ಕೀಟಗಳನ್ನ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ. ಮೊದಲು ಎರಡು ಎಲೆಗೆ ಹಾಕಿ, ಒಂದು ದಿನ ಕಾಯಿರಿ. ಏನೂ ಆಗದಿದ್ದರೆ ಸಂಜೆ ಹೊತ್ತು ಇಡೀ ಗಿಡಕ್ಕೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ.

ಕೀಟವೇ ಇಲ್ಲ, ಮಣ್ಣು ಒದ್ದೆ ಇದೆ, ಆದರೂ ಗಿಡ ಬಾಡ್ತಿದೆ ಅಂದ್ರೆ? ಮಣ್ಣು ಮೂಸಿ ನೋಡಿ. ಕೊಳೆತ ವಾಸನೆ ಬಂದರೆ ಬೇರು ಕೊಳೆ ರೋಗ. ಹೊಳೆದಂಡೆ ಗದ್ದೆಯ ಜಿಗುಟು ಮಣ್ಣನ್ನ ತಟ್ಟೆಯಂಥ ಕುಂಡಕ್ಕೆ ತುಂಬಿದರೆ ನೀರು ಇಳಿಯಲ್ಲ. ಗಿಡ ಹೊರತೆಗೆದು, ಮೆತ್ತಗಾದ ಕಪ್ಪು ಬೇರು ಕತ್ತರಿಸಿ. ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಿದ ಮಣ್ಣಿಗೆ ಬದಲಿಸಿ.

ಮಣ್ಣಿನ ರೋಗ ಎಂಥದ್ದು ಅಂತ ನಂಜನಗೂಡಿನವರಿಗೆ ಹೇಳಬೇಕಿಲ್ಲ. ರಸಬಾಳೆ ತೋಟಗಳನ್ನ ಕುಗ್ಗಿಸಿದ ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುತ್ತೆ. ಅದು ಬೋನ್ಸಾಯ್‌ಗೆ ಬರುತ್ತೆ ಅಂತಲ್ಲ. ಪಾಠ ಮಾತ್ರ ಒಂದೇ. ರೋಗದ ಗಿಡದ ಮಣ್ಣನ್ನ ಬೇರೆ ಕುಂಡಕ್ಕೆ ಹಾಕಬೇಡಿ, ಕತ್ತರಿಯನ್ನ ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದು ಗಿಡಕ್ಕೆ ಹಚ್ಚಬೇಡಿ.

ಅಂದಹಾಗೆ, ಶಿವರಾತ್ರಿ ಆಸುಪಾಸಲ್ಲಿ ಅರಳಿ ಎಲೆ ಉದುರಿದರೆ ಹೆದರಬೇಡಿ. ಊರ ಕಟ್ಟೆ ಮೇಲಿನ ದೊಡ್ಡ ಅರಳಿಯೂ ಆಗ ಎಲೆ ಉದುರಿಸುತ್ತೆ. ರೆಂಬೆಯನ್ನ ಉಗುರಿಂದ ಸ್ವಲ್ಪ ಗೀರಿ. ಒಳಗೆ ಹಸಿರಿದ್ದರೆ ಜೀವ ಇದೆ, ಕಾಯಿರಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.