ಕೈಯಲ್ಲಿ ಕಸುಬಿದೆ, ಕಾಗದವೆಲ್ಲಿ?

(ಊರ್ಡಿಗೆರೆಯಲ್ಲಿ ಹೆತ್ತವರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಮನೆಗಳಲ್ಲಿ ಸಿಹಿ ಹಂಚುತ್ತೇವೆ. ಮರುದಿನದಿಂದ ಆ ಮಗುವಿನ ದಾರಿ ಯಾವುದು? ಹುಡುಗನಾದರೆ ಪರಿಚಯದವರ ಗ್ಯಾರೇಜು ಅಥವಾ ವೆಲ್ಡಿಂಗ್ ಅಂಗಡಿ. ಹುಡುಗಿಯಾದರೆ ಮದುವೆಯವರೆಗೆ ಮನೆ. ಶಾಲೆ ಮುಗಿದು ಉದ್ಯೋಗ ಆರಂಭವಾಗುವ ನಡುವಿನ ಈ ಎರಡು ಮೂರು ವರ್ಷಗಳೇ ಮುಂದಿನ ಮೂವತ್ತು ವರ್ಷಗಳನ್ನು ನಿರ್ಧರಿಸುತ್ತವೆ.

ಅವಕಾಶಗಳು ದೂರವಿಲ್ಲ. ನಮ್ಮದೇ ಜಿಲ್ಲೆಯಲ್ಲಿ ವಸಂತನರಸಾಪುರದ ಕೈಗಾರಿಕಾ ಪ್ರದೇಶವಿದೆ. 2014ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಗುಬ್ಬಿ ತಾಲೂಕಿನ 615 ಎಕರೆ ವಿಸ್ತಾರದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ಆದರೆ ಕಾರ್ಖಾನೆಯ ಬಾಗಿಲಲ್ಲಿ ಮೊದಲು ಕೇಳುವುದು ಪ್ರಮಾಣಪತ್ರವನ್ನು. ಐದು ವರ್ಷ ಗ್ಯಾರೇಜಿನಲ್ಲಿ ದುಡಿದು ಇಂಜಿನ್ನಿನ ಸದ್ದಿನಿಂದಲೇ ದೋಷ ಗುರುತಿಸಬಲ್ಲ ಹುಡುಗ ಅಲ್ಲಿ ಬರಿಗೈಯಲ್ಲಿ ನಿಲ್ಲುತ್ತಾನೆ. ಒಳಗೆ ಹೋದರೂ ಗುತ್ತಿಗೆದಾರನ ಮೂಲಕ, ಮೂಟೆ ಹೊರುವುದಕ್ಕೆ.

2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿ ಇದನ್ನೇ ಎತ್ತಿ ತೋರಿಸಿತ್ತು. ಮುಸ್ಲಿಮರು ಸ್ವಂತ ಕಸುಬುಗಳಲ್ಲಿ ಹೆಚ್ಚು, ಖಾಯಂ ಸಂಬಳದ ಉದ್ಯೋಗಗಳಲ್ಲಿ ಕಡಿಮೆ. ಓದಿದರೂ ಕೆಲಸ ಸಿಗದೆಂಬ ಭಾವನೆಯೇ ಮಕ್ಕಳನ್ನು ಶಾಲೆಯಿಂದ ಹೊರಗೆಳೆಯುತ್ತಿದೆ ಎಂದೂ ಅದು ಗುರುತಿಸಿತ್ತು. ತಾರತಮ್ಯವಿಲ್ಲವೆಂದು ನಾವು ಹೇಳುತ್ತಿಲ್ಲ. ಅದರ ವಿರುದ್ಧ ಧ್ವನಿಯೆತ್ತಲೇಬೇಕು. ಆದರೆ ಅರ್ಜಿಯನ್ನೇ ಹಾಕದವನು ಯಾವ ಆಧಾರದ ಮೇಲೆ ದೂರು ಕೊಡಬಲ್ಲ?

ದಾರಿಗಳನ್ನು ತಿಳಿದುಕೊಳ್ಳೋಣ. ಐಟಿಐಯಲ್ಲಿ ವೆಲ್ಡರ್ ತರಬೇತಿಗೆ ಎಂಟನೇ ತರಗತಿ ಸಾಕು; ಅವಧಿ ಒಂದು ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಫಿಟ್ಟರ್, ಎಲೆಕ್ಟ್ರೀಷಿಯನ್ ಮುಂತಾದ ಎರಡು ವರ್ಷದ ತರಬೇತಿಗಳಿವೆ. ಇವುಗಳನ್ನು ಪೂರೈಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಲ್ಲಿಂದ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶ ಪಡೆಯಬಹುದು. ಶಾಲೆ ಬಿಟ್ಟವರು ಮತ್ತು ಮದ್ರಸದ ವಿದ್ಯಾರ್ಥಿಗಳು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿಯ ಪರೀಕ್ಷೆ ಬರೆಯಬಹುದು.

1961ರ ಅಪ್ರೆಂಟಿಸ್ ಕಾಯ್ದೆಯೂ ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಯು ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ಅವರಿಗೆ ಶಿಷ್ಯವೇತನ ನೀಡಬೇಕು. ಇದು ಯಾರ ದಯೆಯೂ ಅಲ್ಲ, ಕಾನೂನು.

ಹೆಣ್ಣು ಮಕ್ಕಳನ್ನು ಮರೆತರೆ ಅರ್ಧ ಸಮುದಾಯವನ್ನೇ ಮರೆತಂತೆ. ಓದಿದ ಹುಡುಗಿಯನ್ನು ದೂರ ಕಳುಹಿಸಲು ಹೆತ್ತವರು ಅಂಜುವುದು ಸಹಜ. ನಾಲ್ಕೈದು ಮನೆಯವರು ಸೇರಿ ಒಟ್ಟಿಗೆ ಕಳುಹಿಸಿದರೆ ಆ ಅಂಜಿಕೆ ಬಹಳಷ್ಟು ಕಡಿಮೆಯಾಗುತ್ತದೆ.

ಇಲ್ಲಿ ಒಂದು ಕಠಿಣ ಸತ್ಯವನ್ನು ಎದುರಿಸಬೇಕಾಗಿದೆ. ಮಗನ ದಿನಗೂಲಿಯನ್ನೇ ನೆಚ್ಚಿಕೊಂಡ ವಿಧವೆ ತಾಯಿಗೆ ‘ಎರಡು ವರ್ಷ ಕಾಯಿರಿ’ ಎನ್ನುವುದು ಸುಲಭ. ಆ ಎರಡು ವರ್ಷ ಆಕೆಯ ಮನೆಯ ಒಲೆ ಉರಿಯುವುದು ಹೇಗೆ? ಇದಕ್ಕೆ ಉತ್ತರ ಕೊಡದೆ ನಾವು ಮಾಡುವ ಉಪದೇಶಕ್ಕೆ ಬೆಲೆಯಿಲ್ಲ. ಅಂಥ ಮನೆಗಳಿಗೆ ಜಮಾಅತ್ ತನ್ನ ಝಕಾತ್ ನಿಧಿಯಿಂದ ತಿಂಗಳ ರೇಷನ್ ಮತ್ತು ಹುಡುಗನ ಬಸ್ ಪಾಸಿನ ಹೊಣೆ ಹೊರಲಿ. ಗ್ಯಾರೇಜಿನ ಮಾಲೀಕರು ಹುಡುಗನನ್ನು ಹಗಲು ತರಬೇತಿಗೆ ಬಿಟ್ಟು ಸಂಜೆ ಒಂದೆರಡು ಗಂಟೆ ಕೆಲಸ ಕೊಡಲಿ. ಕಾರ್ಖಾನೆಯಲ್ಲಿ ದುಡಿಯುತ್ತಿರುವ ಅಣ್ಣಂದಿರು ಜುಮಾ ನಮಾಝಿನ ಬಳಿಕ ಅರ್ಧ ಗಂಟೆ ಕುಳಿತು ಅರ್ಜಿ ತುಂಬಿಸಿಕೊಡಲಿ.

ಪ್ರವಾದಿ ದಾವೂದ್(ಅ) ಅರಸರಾಗಿದ್ದೂ ಕಬ್ಬಿಣದ ಕವಚಗಳನ್ನು ತಯಾರಿಸಿದರು, ಸ್ವಂತ ದುಡಿಮೆಯಿಂದ ಉಂಡರು. ಕೈದುಡಿಮೆ ನಮಗೆ ಕೀಳಲ್ಲ. ಆ ದುಡಿಮೆಗೆ ಸಲ್ಲಬೇಕಾದ ಬೆಲೆ ಸಿಗದಿರುವುದೇ ನಮ್ಮ ಚಿಂತೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ: ಈ ವರ್ಷ ಹತ್ತನೇ ತರಗತಿಯಲ್ಲಿರುವ ನಮ್ಮ ಪ್ರತಿಯೊಂದು ಮಗುವಿನ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡೋಣ. ಮುಂದಿನ ವರ್ಷ ಇದೇ ಸಮಯಕ್ಕೆ ಪ್ರತಿ ಹೆಸರಿನ ಮುಂದೆ, ಪಾಸಾಗಲಿ ಫೇಲಾಗಲಿ, ಆ ಮಗು ಎಲ್ಲಿದೆ, ಏನು ಕಲಿಯುತ್ತಿದೆ ಎಂದು ಬರೆಯುವಂತಾಗಲಿ. ಬರೆಯಲಾಗದ ಹೆಸರಿದ್ದರೆ ಅಂದೇ ಆ ಮನೆಯ ಬಾಗಿಲು ತಟ್ಟೋಣ.